ಎರಡೂ ತುದಿ ಮಡಚಿದ ಟೇಪು

ಹದಿನಾರು ಮಂದಿ ಡಾಕ್ಟರುಗಳು ಗೋಡೆಗೆ ದೊಡ್ಡ ದೊಡ್ಡ ಹಾಳೆ ಅಂಟಿಸುತ್ತಿದ್ದರು. ‘ನಾಯಕ ಎಂದರೆ ಯಾರು?’ ಎಂಬ ಪ್ರಶ್ನೆಗೆ ಅವರವರಿಗೆ ತೋಚಿದ ಉತ್ತರ ಆ ಹಾಳೆಗಳಲ್ಲಿತ್ತು. ಮಾಜಿ ಇನ್ಸ್‌ಪೆಕ್ಟರು ಒಂದು ಉತ್ತರವನ್ನೂ ಓದಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಗೋಡೆಯುದ್ದಕ್ಕೂ ನಡೆಯುತ್ತ ಅವರು ನೋಡುತ್ತಿದ್ದದ್ದು ಮೂಲೆಗಳಲ್ಲಿ ಅಂಟಿಸಿದ ಟೇಪನ್ನು ಮಾತ್ರ.

“ಮಾವ, ಗೋಡೆಗೆ ಮೂಗು ತಾಗಿಸಿಕೊಂಡು ಏನ್ ಹುಡುಕ್ತಿದ್ದೀರಿ? ಎಲ್ರೂ ನಿಮ್ಮನ್ನೇ ನೋಡ್ತಿದ್ದಾರೆ,” ಎಂದು ಸೋದರ ಸೊಸೆ ಪಕ್ಕಕ್ಕೆ ಬಂದು ಕೇಳಿದಳು. ಆಪರೇಷನ್ ಆಗುವ ರೋಗಿಗೆ ಅರಿವಳಿಕೆ ಕೊಡುವ ಡಾಕ್ಟರ್ ಅವಳು. ಈ ಮೂರು ದಿನದ ಸಮ್ಮೇಳನದ ಓಡಾಟವೆಲ್ಲ ಅವಳ ತಲೆಯ ಮೇಲೇ ಬಿದ್ದಿತ್ತು.

“ನೋಡಲಿ ಬಿಡು. ವಯಸ್ಸಾಯ್ತು, ಕಣ್ಣು ಮಂದ ಅಂದ್ಕೋತಾರೆ.”

“ಕಣ್ಣು ಮಂದ ಇರೋರು ಬೆಳಿಗ್ಗೆಯಿಂದ ಪ್ರಶ್ನೆ ಕೇಳಿ ಕೇಳಿ ನನ್ನ ಅತಿಥಿಗಳನ್ನ ಅಳಿಸ್ತಾರಾ?”

“ಒಬ್ಬರು ಮಾತ್ರ ಅತ್ತದ್ದು. ಅದೂ ನೆಗಡಿ.”

ಗೋಡೆ ಗಡಿಯಾರ ಎರಡು ಗಂಟೆ ತೋರಿಸುತ್ತಿತ್ತು. ನಾಲ್ಕಕ್ಕೆ ಸಮಾರೋಪ. ಅಷ್ಟರೊಳಗೆ, ಕಪ್ಪು ಪುಸ್ತಕದಿಂದ ಯಾರೋ ಕತ್ತರಿಸಿಕೊಂಡು ಹೋದ ಒಂದು ಹಾಳೆ ಸಿಗಬೇಕಿತ್ತು.

ಆ ಪುಸ್ತಕದ ಕಥೆ ಹೊರಗಿನವರಿಗೆ ವಿಚಿತ್ರ ಅನ್ನಿಸುವಂಥದ್ದು. ಅರಿವಳಿಕೆಯವರ ಈ ವರ್ಷಕ್ಕೊಮ್ಮೆಯ ಕೂಟದಲ್ಲಿ ನಾಯಕತ್ವದ ಶಿಬಿರಕ್ಕೆ ಸೇರುವ ಪ್ರತಿಯೊಬ್ಬರೂ ಮೊದಲ ದಿನ ತಾವು ಮಾಡಿದ ಒಂದು ತಪ್ಪನ್ನು ಅದರಲ್ಲಿ ಕೈಯಾರೆ ಬರೆಯಬೇಕು. ಹೆಸರು ಬೇಡ, ಊರು ಬೇಡ, ನೆಪವಂತೂ ಬೇಡವೇ ಬೇಡ. ಕೊನೆಯ ದಿನ ಇವರೆಲ್ಲರ ಗುರು ದೊಡ್ಡ ಮೇಡಂ ವೇದಿಕೆ ಹತ್ತಿ ಹಳೆಯದೋ ಹೊಸದೋ ಒಂದು ಪುಟ ಗಟ್ಟಿಯಾಗಿ ಓದುತ್ತಾರೆ. ಸಭೆಯ ಆರುನೂರು ಜನರಲ್ಲಿ ಅದು ಯಾರ ತಪ್ಪೆಂದು ಬರೆದವರಿಗೆ ಮಾತ್ರ ಗೊತ್ತು. ಉಳಿದವರೆಲ್ಲ ಮನೆಗೆ ಹೋಗಿ ಆ ತಪ್ಪನ್ನು ಮಾಡದೆ ಉಳಿಯುತ್ತಾರೆ. ಇಪ್ಪತ್ತೈದು ವರ್ಷದಿಂದ ನಡೆದು ಬಂದ ಪದ್ಧತಿ ಇದು, ಮೇಡಂ ತಾವೇ ಹಾಕಿಕೊಟ್ಟದ್ದು.

ನಿನ್ನೆ ಮಧ್ಯಾಹ್ನ ಶಿಬಿರದ ಕೋಣೆಯಿಂದ ಪುಸ್ತಕ ಕಾಣೆಯಾಯಿತು. ಇವತ್ತು ಬೆಳಿಗ್ಗೆ ಮೇಡಂ ಮೇಜಿನ ಮೇಲೆ ಏನೂ ಆಗದ ಹಾಗೆ ಕೂತಿತ್ತು, ಒಂದು ಹಾಳೆ ಕಳೆದುಕೊಂಡು.

“ನಾನು ಇವತ್ತು ಓದಬೇಕು ಅಂದ್ಕೊಂಡಿದ್ದೇ ಆ ಪುಟ,” ಎಂದಿದ್ದರು ಮೇಡಂ. “ಅದು ಸಿಗದಿದ್ರೆ ಪುಸ್ತಕ ಇವತ್ತಿಗೇ ಮುಚ್ಚಿಬಿಡ್ತೀನಿ. ಬರೆದದ್ದು ಹೊರಗೆ ಹೋಗುತ್ತೆ ಅಂತಾದ್ಮೇಲೆ ಇನ್ಯಾರು ನಿಜ ಬರೀತಾರೆ ಹೇಳಿ?”

ಪುಟದಲ್ಲಿ ಏನಿತ್ತು ಎಂದು ಕೇಳಿದ್ದಕ್ಕೆ, ವೇದಿಕೆಗೆ ಮೊದಲೇ ಹೇಳಿ ಪುಸ್ತಕದ ನಿಯಮ ಮುರಿಯಲಾರೆ ಎಂದು ಬಾಯಿಗೆ ಬೀಗ ಹಾಕಿಕೊಂಡರು.

ಬೇರೆ ಯಾರೇ ಕೇಳಿದ್ದರೂ ಇನ್ಸ್‌ಪೆಕ್ಟರು, ನಿವೃತ್ತನಾದೆ ಕಣಮ್ಮ, ಎಂದು ಕೈ ಮುಗಿಯುತ್ತಿದ್ದರು. ಮೇಡಂ ಮಾತನ್ನು ತೆಗೆದುಹಾಕುವಂತಿರಲಿಲ್ಲ. ಹದಿನೆಂಟು ವರ್ಷದ ಹಿಂದೆ ಹೊಟ್ಟೆಗೆ ಗುಂಡು ಬಿದ್ದು ಆಪರೇಷನ್ ಮೇಜಿನ ಮೇಲೆ ಇಡೀ ದಿನ ಮಲಗಿದ್ದಾಗ ಅವರ ಉಸಿರು ಕಾದದ್ದು ಮೇಡಂ. ಮಗಳ ಮದುವೆ ನೋಡಿದ್ದು, ಮೊಮ್ಮಗಳ ಕೈಯಲ್ಲಿ ಮೀಸೆ ಎಳೆಸಿಕೊಂಡದ್ದು, ಹೆಂಡತಿಯ ಜೊತೆ ದಿನಕ್ಕೆರಡು ಸಲ ಜಗಳ ಆಡಿದ್ದು, ಎಲ್ಲವೂ ಆಮೇಲೆ ಸಿಕ್ಕ ಲಾಭ. ಆಸ್ಪತ್ರೆ ಬಿಡುವಾಗ ಮೇಡಂ ಬರೆದುಕೊಟ್ಟ ಚೀಟಿ ಇವತ್ತಿಗೂ ಅವರ ಪರ್ಸಿನಲ್ಲಿತ್ತು. ‘ನಿಧಾನವಾಗಿ ಉಸಿರಾಡಿ. ಆತುರ ಬೇಡ. ನಿಮಗಿನ್ನೂ ತುಂಬ ಉಸಿರಿದೆ.’ ಎಡಕ್ಕೆ ವಾಲಿದ ಗುಂಡುಗುಂಡಗಿನ ಅಕ್ಷರ.

ಅವತ್ತಿನ ಇನ್ನೆರಡು ಸಂಗತಿಗಳೂ ಅವರ ಜೊತೆ ಉಳಿದಿದ್ದವು. ಒಂದು, ಎಡಗಡೆ ಪಕ್ಕೆಲುಬಿನ ನೋವು. ಗುಂಡು ಬಿದ್ದದ್ದು ಹೊಟ್ಟೆಗೆ, ಇದೇಕೆ ನೋಯುತ್ತದೆಂದು ಅವರಿಗೆ ಅರ್ಥವಾಗಿರಲಿಲ್ಲ. ಹೆಂಡತಿ ಗ್ಯಾಸ್ ಎಂದು ತೀರ್ಮಾನ ಮಾಡಿಬಿಟ್ಟಿದ್ದಳು. ಇನ್ನೊಂದು, ಆಳದ ನಿದ್ದೆಯಲ್ಲಿ ಎಲ್ಲೋ ಕಿವಿಗೆ ಬಿದ್ದ ಒಂದು ದನಿ. ‘ನಾನು ಇಲ್ಲೇ ಇದ್ದೀನಿ. ಎಲ್ಲೂ ಹೋಗಲ್ಲ.’ ಮೇಡಂ ಅಲ್ಲದೆ ಇನ್ಯಾರದ್ದು ಆ ದನಿ?

ಇವತ್ತು ನಾಲ್ಕು ಗಂಟೆಗೆ ಸಮಾರೋಪದಲ್ಲಿ ಮೇಡಂಗೆ ಕೃತಜ್ಞತೆ ಹೇಳುವ ಭಾಷಣ ಅವರದೇ. ವೇದಿಕೆಯ ಮೇಲೆ ಮೇಡಂಗೆ ಇದೇ ಕೊನೆಯ ಸಮ್ಮೇಳನ. ಪುಟ ಸಿಗದೆ, ಬರಿಗೈಯಲ್ಲಿ ಹೋಗಿ ಏನು ಧನ್ಯವಾದ ಹೇಳುವುದು?

ಸುಳಿವು ಇದ್ದದ್ದು ಎರಡೇ.

ಮೊದಲನೆಯದು, ಕತ್ತರಿಸಿದ ಮೇಲೆ ಹೊಲಿಗೆಯ ಪಕ್ಕ ಉಳಿದಿದ್ದ ಎರಡು ಬೆರಳಗಲದ ಪಟ್ಟಿ. ಅದರ ಮೇಲೆ ಗಂಟೆ, ನಿಮಿಷ ಮಾತ್ರ ಇತ್ತು. 10.05. ಆಮೇಲೆ 1.00, 1.05, 1.10, 1.15. ಅಲ್ಲಿಂದ 1.16, 1.17 ಎಂದು ಒಂದೊಂದೇ ನಿಮಿಷ, 1.27ರ ತನಕ. ಮತ್ತೆ 1.30, 1.35.

“ನಾವು ರೋಗಿಯ ನಾಡಿ, ಬಿ.ಪಿ. ಐದು ನಿಮಿಷಕ್ಕೊಮ್ಮೆ ಬರೀತೀವಿ ಮಾವ,” ಎಂದು ಸೊಸೆ ಬೆಳಿಗ್ಗೆ ಹೇಳಿದ್ದಳು. “ನಿಮಿಷಕ್ಕೊಮ್ಮೆ ಬರೆದಿದ್ದಾರೆ ಅಂದ್ರೆ ಆ ಹನ್ನೆರಡು ನಿಮಿಷ ಅಲ್ಲಿ ಯಾರಿಗೂ ಉಸಿರು ನೆಟ್ಟಗಿರಲಿಲ್ಲ ಅಂತರ್ಥ.”

ಎರಡನೆಯದು ಟೇಪು. ಹೊಲಿದ ಪುಸ್ತಕದಲ್ಲಿ ಒಂದು ಹಾಳೆ ಕತ್ತರಿಸಿದರೆ ಅದರ ಜೋಡಿ ಹಾಳೆ ಸಡಿಲವಾಗುತ್ತದೆ. ಕಳ್ಳ ಆ ಜೋಡಿ ಹಾಳೆ ಬೀಳದಂತೆ ಆಸ್ಪತ್ರೆಯ ಬಿಳಿ ಟೇಪು ಹಾಕಿ ಹೋಗಿದ್ದ. ಕದ್ದ ಮನೆಯನ್ನು ಗುಡಿಸಿ ಸಾರಿಸಿ ಹೋದ ಕಳ್ಳನನ್ನು ಇನ್ಸ್‌ಪೆಕ್ಟರು ತಮ್ಮ ನೌಕರಿಯಲ್ಲೇ ಕಂಡಿರಲಿಲ್ಲ. ಆ ಟೇಪಿನ ಎರಡೂ ತುದಿ ಇಷ್ಟೇ ಇಷ್ಟು ಒಳಕ್ಕೆ ಮಡಚಿತ್ತು.

“ಮೇಡಂ ಕಲಿಸಿದ್ದು ಅದು,” ಎಂದಿದ್ದಳು ಸೊಸೆ. “ರೋಗಿ ನಿದ್ದೆ ಹೋದ್ಮೇಲೆ ರೆಪ್ಪೆಗೆ ಟೇಪು ಹಾಕ್ತೀವಿ, ಕಣ್ಣು ಒಣಗದ ಹಾಗೆ. ತುದಿ ಮಡಚಿದ್ರೆ ತೆಗೆಯುವಾಗ ಸುಲಭ, ರೆಪ್ಪೆ ಕೂದಲು ಕಿತ್ತುಬರಲ್ಲ. ಆದ್ರೆ ನಾವು ಮಡಚೋದು ಒಂದೇ ತುದಿ.”

ಹಾಳೆ ಅಂಟಿಸುವ ಆಟ ಶುರುವಾದದ್ದು ಆ ಮಾತಿನಿಂದ. ಪೆನ್ನು, ಹಾಳೆ, ಬಿಳಿ ಟೇಪು ಹಂಚಿ, ನಾಯಕತ್ವದ ಬಗ್ಗೆ ಬರೆದು ಅಂಟಿಸಿ ಎಂದು ಶಿಬಿರದವರಿಗೆ ಹೇಳಿಸಿದ್ದು ಇನ್ಸ್‌ಪೆಕ್ಟರೇ.

ಅವರ ಅನುಮಾನ ಮೊದಲಿನಿಂದ ‘ಗಡಿಯಾರ’ ಡಾಕ್ಟರ ಮೇಲಿತ್ತು. ಯಾರ ಭಾಷಣ ಅರ್ಧ ನಿಮಿಷ ಮೀರಿದರೂ ಗಂಟೆ ಬಾರಿಸುವ, ಮುಂದಿನ ವರ್ಷ ಸಂಘದ ಅಧ್ಯಕ್ಷರಾಗುವ ಆ ಮಹಾಶಯರು ಟೇಪನ್ನು ಹಲ್ಲಿನಲ್ಲಿ ಕಚ್ಚಿ ಹರಿದು, ಹೇಗೆಂದರೆ ಹಾಗೆ ಅಂಟಿಸಿ, ಕೈ ಒರೆಸಿಕೊಂಡು ನಿಂತಿದ್ದರು. ಅನುಮಾನ ಅಲ್ಲಿಗೇ ಬಿದ್ದುಹೋಯಿತು. ಅವರೂ ಸೇರಿ ಐದು ಜನ ತುದಿ ಮಡಚಿರಲೇ ಇಲ್ಲ. ಹತ್ತು ಜನ ಒಂದು ತುದಿ ಮಡಚಿದ್ದರು.

ಕಿಟಕಿಯ ಪಕ್ಕದ ಹಾಳೆಯ ಮುಂದೆ ಇನ್ಸ್‌ಪೆಕ್ಟರು ನಿಂತರು. ನಾಲ್ಕು ಮೂಲೆಗೆ ನಾಲ್ಕು ಟೇಪು, ಎಂಟು ತುದಿ, ಎಂಟೂ ಮಡಚಿದ್ದವು. ಆಗ ಮಾತ್ರ ಹಾಳೆಯಲ್ಲಿ ಬರೆದದ್ದನ್ನು ಓದಿದರು. ಒಂದೇ ಸಾಲು.

‘ಕೋಣೆ ಬಿಟ್ಟು ಹೋಗದವನು.’

“ಯಾರಮ್ಮ ಇದು?”

ಸೊಸೆಯ ಮುಖ ಸಣ್ಣಗಾಯಿತು. “ಪಿಸುಮಾತಿನ ಡಾಕ್ಟರು. ಬೇಡ ಮಾವ, ಅವರಾಗಿರೋಕೆ ಸಾಧ್ಯವೇ ಇಲ್ಲ.”

“ಎರಡೂ ತುದಿ ಯಾಕೆ ಮಡಚ್ತಾರೆ?”

“ಈಗ ಹೊಳೀತಿದೆ. ಮೂರು ಸಣ್ಣ ಆಸ್ಪತ್ರೆಗೆ ಅವರೊಬ್ಬರೇ. ಸಹಾಯಕ್ಕೆ ಇನ್ನೊಂದು ಕೈ ಇರಲ್ಲ. ಒಂದು ಕೈ ಯಾವಾಗಲೂ ರೋಗಿಗೆ ಉಸಿರು ಕೊಡೋ ಚೀಲದ ಮೇಲಿರುತ್ತೆ. ಬಿಡುವಾಗಿರೋದು ಎಡಗೈಯೋ ಬಲಗೈಯೋ, ಯಾವ ಕಡೆಯಿಂದ ಎಳೆದ್ರೂ ಟೇಪು ಬರಬೇಕಲ್ಲ.” ಅವಳು ದನಿ ತಗ್ಗಿಸಿದಳು. “ಮೇಡಂ ಆದ್ಮೇಲೆ ಈ ಶಿಬಿರ ಅವರೇ ನಡೆಸೋದು. ನಾಲ್ಕು ಗಂಟೆಗೆ ಘೋಷಣೆ. ಅವರಿಗೆ ಬಿಟ್ರೆ ಇನ್ನೂ ಯಾರಿಗೂ ಗೊತ್ತಿಲ್ಲ.”

ಇನ್ಸ್‌ಪೆಕ್ಟರಿಗೆ ಅಷ್ಟು ಸಾಕಾಗಿತ್ತು.

ಪಿಸುಮಾತಿನ ಡಾಕ್ಟರು ಹಾಳೆ ಅಂಟಿಸಿ ಬಂದು ಬೊಂಬೆ ಕೋಣೆಯಲ್ಲಿ ಒಬ್ಬರೇ ಇದ್ದರು. ಅಲ್ಲಿ ರಬ್ಬರಿನ ಬೊಂಬೆಯೊಂದು ಮಂಚದ ಮೇಲೆ ಮಲಗಿ ಯಂತ್ರದ ಸಹಾಯದಿಂದ ಉಸಿರಾಡುತ್ತಿತ್ತು. ಅದಕ್ಕೆ ಹೃದಯಾಘಾತ ಮಾಡಿಸಿ ಡಾಕ್ಟರುಗಳ ಕೈಯಲ್ಲಿ ಬದುಕಿಸುವುದು ಶಿಬಿರದ ಪಾಠ. ಬೆಳಿಗ್ಗೆಯಿಂದ ಒಂಬತ್ತು ಸಲ ಸತ್ತು ಬದುಕಿದ್ದ ಬೊಂಬೆಗೆ ಡಾಕ್ಟರು ಕತ್ತಿನ ತನಕ ಹೊದಿಕೆ ಹೊದಿಸುತ್ತಿದ್ದರು.

“ಬೊಂಬೆಗೂ ಚಳಿಯಾಗುತ್ತಾ ಡಾಕ್ಟರೇ?”

“ಅಭ್ಯಾಸ ಸಾರ್.” ದನಿ ಕೇಳಿಸಿಕೊಳ್ಳಲು ಒಂದು ಹೆಜ್ಜೆ ಮುಂದೆ ಹೋಗಬೇಕಿತ್ತು. ನಲವತ್ತೈದರ ಆಸುಪಾಸಿನ, ಕಣ್ಣ ಕೆಳಗೆ ಕಪ್ಪು ಕಟ್ಟಿದ ಮನುಷ್ಯ.

ಇನ್ಸ್‌ಪೆಕ್ಟರು ಬಗಲಿನ ಚೀಲದಿಂದ ಕಪ್ಪು ಪುಸ್ತಕ ತೆಗೆದು ಮೇಜಿನ ಮೇಲಿಟ್ಟು, ಟೇಪು ಅಂಟಿಸಿದ ಜಾಗ ತೆರೆದರು. “ಇದು ನಿಮ್ಮ ಕೈಕೆಲಸ.”

ಡಾಕ್ಟರು ನೋಡಿದರು. ಸುಳ್ಳು ಹೇಳಲು ಪ್ರಯತ್ನವನ್ನೂ ಮಾಡಲಿಲ್ಲ. “ಹೌದು. ಪಕ್ಕದ ಹಾಳೆ ಉದುರಿ ಹೋಗೋದು ಬೇಡ ಅನ್ನಿಸ್ತು. ಇನ್ಯಾರೋ ಕಷ್ಟಪಟ್ಟು ಬರೆದಿರ್ತಾರೆ.”

“ಕತ್ತರಿಸಿದ ಪುಟ ಯಾರದ್ದು?”

“ನನ್ನದೇ.”

“ಹಾಗೆ ಹೇಳಿ. ಇವತ್ತು ನಿಮ್ಮನ್ನ ಮೇಡಂ ಜಾಗಕ್ಕೆ ಕೂರಿಸ್ತಾರೆ. ಅದೇ ವೇದಿಕೆ ಮೇಲೆ ನಿಮ್ಮ ಹಳೇ ತಪ್ಪು ಓದಿಬಿಟ್ರೆ ಮುಖ ಎಲ್ಲಿಟ್ಕೊಳ್ಳೋದು ಅಂತ ಹೆದರಿಕೆಯಾಯ್ತು.”

“ಅಲ್ಲ ಸಾರ್.”

“ಮತ್ತೆ?”

ಡಾಕ್ಟರು ಹೊದಿಕೆಯ ಸುಕ್ಕು ಬಿಡಿಸಿದರು. ಬೊಂಬೆ ಉಸಿರು ಎಳೆದು ಬಿಟ್ಟಿತು.

ಇನ್ಸ್‌ಪೆಕ್ಟರಿಗೆ ರೇಗಿತು. ಠಾಣೆಯಲ್ಲಿ ರೇಗುವುದು ಕೆಲಸದ ಭಾಗವಾಗಿತ್ತು. ಇದು ಹಾಗಲ್ಲ, ನಿಜವಾದ ಸಿಟ್ಟು. “ಇದಕ್ಕೆ ಹೇಡಿತನ ಅಂತಾರೆ ಡಾಕ್ಟರೇ. ಇಪ್ಪತ್ತೈದು ವರ್ಷದಿಂದ ಆ ಹೆಂಗಸು ಕಟ್ಟಿದ್ದನ್ನ ಒಂದು ಬ್ಲೇಡಿನಲ್ಲಿ ಕೊಯ್ದುಹಾಕಿದ್ರಿ. ನಿಮಗೆ ವಿದ್ಯೆ ಕೊಟ್ಟೋರು ಅವರು. ನನಗೆ ಜೀವ ಕೊಟ್ಟೋರು. ನಾನು ಇವತ್ತು ಇಲ್ಲಿ ನಿಂತು ನಿಮ್ಮನ್ನ ಬೈತಿದ್ದೀನಿ ಅಂದ್ರೆ ಅದೂ ಅವರ ದಯೆ.”

ಡಾಕ್ಟರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕುರ್ಚಿಯೊಂದನ್ನು ಎಳೆದು ತಂದು ಇನ್ಸ್‌ಪೆಕ್ಟರ ಹಿಂದಿಟ್ಟರು.

“ಕೂತ್ಕೊಳ್ಳಿ ಸಾರ್. ಮೇಲುಸಿರು ಬಿಡ್ತಿದ್ದೀರಿ.”

“ನನ್ನ ಉಸಿರಿನ ಯೋಚನೆ ನಿಮಗೆ ಬೇಡ.”

ಅಷ್ಟು ಹೊತ್ತಿನಲ್ಲಿ ಮೊದಲ ಸಲ ಡಾಕ್ಟರ ಮುಖದಲ್ಲಿ ಒಂದು ಸಣ್ಣ ನಗು ಸುಳಿಯಿತು. “ಎಡಗಡೆ ಪಕ್ಕೆ ಇನ್ನೂ ನೋಯುತ್ತಾ?” ಎಂದು ಕೇಳಿದರು.

ಇನ್ಸ್‌ಪೆಕ್ಟರ ಎರಡೂ ಕೈ ಮೇಜಿನ ಮೇಲೇ ಇದ್ದವು. ಪಕ್ಕೆಯನ್ನು ಮುಟ್ಟಿಕೊಂಡಿರಲಿಲ್ಲ. ಆ ನೋವಿನ ವಿಷಯ ಹೆಂಡತಿಗೆ ಬಿಟ್ಟರೆ ಇನ್ನೊಬ್ಬರಿಗೆ ಹೇಳಿದವರಲ್ಲ.

“ಯಾರು ಹೇಳಿದ್ರು ನಿಮಗೆ?”

“ಯಾರೂ ಹೇಳಲಿಲ್ಲ. ಮುರಿದೋನಿಗೆ ಗೊತ್ತಿರುತ್ತಲ್ಲ ಸಾರ್.”

ಡಾಕ್ಟರು ಅಂಗಿಯ ಜೇಬಿನಿಂದ ನಾಲ್ಕಾಗಿ ಮಡಚಿದ ಹಾಳೆ ತೆಗೆದು ಕೊಟ್ಟರು. ಇನ್ಸ್‌ಪೆಕ್ಟರು ಅದನ್ನು ಬಿಡಿಸಿ ಪುಸ್ತಕದಲ್ಲಿ ಉಳಿದಿದ್ದ ಪಟ್ಟಿಗೆ ಜೋಡಿಸಿದರು. ಸಾಲಿಗೆ ಸಾಲು ಕೂಡಿತು. ಹೊತ್ತಿನ ಮುಂದೆ ಮಾತು ಬಂದು ನಿಂತಿತು.

‘10.05 ರೋಗಿ ನಲವತ್ತನಾಲ್ಕು ವರ್ಷದ ಪೊಲೀಸ್ ಅಧಿಕಾರಿ. ಹೊಟ್ಟೆಯಲ್ಲಿ ಗುಂಡು.’

ಇನ್ಸ್‌ಪೆಕ್ಟರು ಕುರ್ಚಿಯ ಮೇಲೆ ಕೂತರು.

‘1.10 ತುಂಬ ರಕ್ತ ಹೋಗಿದೆ. ಬಿ.ಪಿ. ಇಳಿಯುತ್ತಿದೆ. ನನ್ನ ಹಿರಿಯರನ್ನು ಇನ್ನೊಂದು ಆಪರೇಷನ್ ಥಿಯೇಟರಿಗೆ ಕರೆದಿದ್ದಾರೆ. ಇಲ್ಲಿ ಅರಿವಳಿಕೆಗೆ ನಾನೊಬ್ಬನೇ.

1.15 ಬಿ.ಪಿ. ಏರಿಸುವ ಔಷಧವೆಂದು ಲೇಬಲ್ ಇದ್ದ ಸಿರಿಂಜು ಕೊಟ್ಟೆ.

1.16 ಬಿ.ಪಿ. ಪೂರ್ತಿ ಬಿತ್ತು.

1.17 ಹೃದಯ ನಿಂತಿತು. ಎದೆ ಒತ್ತುತ್ತಿದ್ದೇನೆ.

1.18 ಒತ್ತುತ್ತಿದ್ದೇನೆ.

1.19 ಪಕ್ಕೆಲುಬು ಮುರಿದ ಸದ್ದು. ನಿಲ್ಲಿಸಲಿಲ್ಲ.’

ಅಲ್ಲಿಂದ ಏಳು ನಿಮಿಷದ ಮುಂದೆ ಏಳು ಸಲ ‘ಒತ್ತುತ್ತಿದ್ದೇನೆ’ ಎಂದಿತ್ತು, ಬೇರೇನೂ ಇಲ್ಲ.

‘1.27 ನಾಡಿ ಸಿಕ್ಕಿತು. ಕೇಳಿಸುತ್ತದೋ ಇಲ್ಲವೋ, ಕಿವಿಯ ಹತ್ತಿರ ಬಾಗಿ ಹೇಳಿದೆ. ನಾನು ಇಲ್ಲೇ ಇದ್ದೀನಿ, ಎಲ್ಲೂ ಹೋಗಲ್ಲ.’

ಅಕ್ಷರಗಳು ಕಲಸಿಹೋದವು. ಕನ್ನಡಕ ತೆಗೆದು ಒರೆಸಿಕೊಂಡರೂ ಪ್ರಯೋಜನವಾಗಲಿಲ್ಲ, ಒದ್ದೆಯಾಗಿದ್ದದ್ದು ಕನ್ನಡಕವಲ್ಲ. ಹದಿನೆಂಟು ವರ್ಷ ದಿನವೂ ನೆನೆದ ದನಿ ಇಷ್ಟು ಹೊತ್ತು ಎದುರಿಗೆ ನಿಂತು ಅವರ ಬೈಗುಳ ಕೇಳಿಸಿಕೊಂಡಿತ್ತು.

“ನಿಮ್ಮನ್ನ ಹೇಡಿ ಅಂದೆ,” ಎಂದರು.

“ಬಿಡಿ ಸಾರ್. ಅವತ್ತು ನಾನು ನಿಮಗೆ ಮಾಡಿದ್ದಕ್ಕೆ ಹೋಲಿಸಿದ್ರೆ ಅದೇನೂ ಅಲ್ಲ.”

ಇನ್ಸ್‌ಪೆಕ್ಟರು ಆ ಮನುಷ್ಯನ ಎರಡೂ ಕೈ ಹಿಡಿದುಕೊಂಡರು. ಮೇಡಂಗೆಂದು ಮೂರು ದಿನ ಕೂತು ಬರೆದ ಭಾಷಣ ಜೇಬಿನಲ್ಲಿತ್ತು, ಅದರಲ್ಲಿದ್ದ ಒಂದು ಮಾತೂ ಈಗ ಬಾಯಿಗೆ ಬರಲಿಲ್ಲ. “ನನ್ನ ಮೊಮ್ಮಗಳಿಗೆ ನಾಲ್ಕು ವರ್ಷ,” ಎಂದಷ್ಟೇ ಹೇಳಿದರು. ಡಾಕ್ಟರಿಗೆ ಅರ್ಥವಾಯಿತು. ತಲೆಯಾಡಿಸಿದರು.

“ಕೆಳಗೆ ಇನ್ನೂ ಇದೆ ಸಾರ್, ಓದಿ.”

ಪುಟದ ಕೊನೆಗೆ ಅದೇ ಕೈಬರಹದಲ್ಲಿ ಇತ್ತು. ‘ಆ ಸಿರಿಂಜಿನಲ್ಲಿ ಇದ್ದದ್ದು ಬಿ.ಪಿ. ಇಳಿಸುವ ಔಷಧ. ಬೆಳಿಗ್ಗೆ ತುಂಬಿಡುವಾಗ ಲೇಬಲ್ ಅದಲುಬದಲಾಗಿದೆ. ನಾನೇ ಮಾಡಿರಬೇಕು. ಇದು ನನ್ನ ತಪ್ಪು.’

ಅದರ ಕೆಳಗೆ, ಇನ್ನೂ ಮಾಸದ ನೀಲಿ ಶಾಯಿಯಲ್ಲಿ, ಬೇರೆ ಕೈಯಿಂದ ಎರಡು ಸಾಲು.

‘ಇಲ್ಲ. ಆ ಲೇಬಲ್ ಅಂಟಿಸಿದ್ದು ಇವನಲ್ಲ, ನಾನು. ಇವನು ಆ ರೋಗಿಯನ್ನು ಉಳಿಸಿದ.’

ಎಡಕ್ಕೆ ವಾಲಿದ, ಗುಂಡುಗುಂಡಗಿನ ಅಕ್ಷರ. ಇನ್ಸ್‌ಪೆಕ್ಟರು ಪರ್ಸು ತೆಗೆದು ಚೀಟಿ ಪಕ್ಕದಲ್ಲಿಟ್ಟು ನೋಡಬೇಕಾಗಿರಲಿಲ್ಲ. ಆದರೂ ಇಟ್ಟು ನೋಡಿದರು, ಪೊಲೀಸ್ ಬುದ್ಧಿ.

“ಮೊನ್ನೆ ಹಳೇ ಪುಟ ತೆಗೆದು ನೋಡಿದಾಗ ಆ ಎರಡು ಸಾಲು ಕಂಡ್ವು,” ಎಂದರು ಡಾಕ್ಟರು. “ಹದಿನೆಂಟು ವರ್ಷ ಅದು ನನ್ನ ತಪ್ಪು ಅಂತಲೇ ಬದುಕಿದ್ದೀನಿ. ಬೇಜಾರಿಲ್ಲ ಸಾರ್. ಅವತ್ತು ಮೇಡಂ ನನ್ನನ್ನ ಮನೆಗೆ ಕಳಿಸಬಹುದಿತ್ತು. ಕಳಿಸಲಿಲ್ಲ. ನಾಳೆ ಕೆಲಸಕ್ಕೆ ಬಾ ಅಂದ್ರು, ಆ ವರ್ಷದ ಶಿಬಿರದಲ್ಲಿ ಕೈಗೆ ಪೆನ್ನು ಕೊಟ್ಟು ಬರಿ ಅಂದ್ರು. ಆಮೇಲೆ ಒಂದೊಂದು ಸಿರಿಂಜನ್ನೂ ಮೂರು ಸಲ ಓದಿದ್ದೀನಿ. ಎಷ್ಟು ಜನ ಉಳಿದ್ರೋ ಲೆಕ್ಕ ಇಟ್ಟಿಲ್ಲ. ನನ್ನನ್ನ ಡಾಕ್ಟರ್ ಮಾಡಿದ್ದು ಆ ಪುಟ.”

“ಮೇಡಂಗೆ ಇದು ಯಾವಾಗ ಗೊತ್ತಾಯ್ತು? ಅವತ್ತೇನಾ, ಇತ್ತೀಚೆಗಾ?”

“ಕೇಳೋ ಧೈರ್ಯ ನನಗಾಗಲಿಲ್ಲ.” ಡಾಕ್ಟರು ಇನ್ನೂ ಮೆಲ್ಲಗೆ ಮಾತಾಡಿದರು. “ಹೊಸದಾಗಿ ತಿದ್ದಿದ್ದಾರೆ ಅಂದ್ರೆ ಇವತ್ತು ಓದೋದು ಇದನ್ನೇ. ನೀವು ಕೃತಜ್ಞತೆ ಹೇಳ್ತೀರಿ. ಎಲ್ರೂ ಚಪ್ಪಾಳೆ ಹೊಡೀತಾರೆ. ಆಮೇಲೆ ಅವರು ಎದ್ದು ಇದನ್ನ ಓದ್ತಾರೆ, ನಿಮ್ಮ ಮುಖ ನೋಡ್ಕೊಂಡು, ಆರುನೂರು ಜನರ ಮುಂದೆ. ಕೊನೇ ದಿನ ಅವರಿಗೆ ಆ ಅವಮಾನ ಆಗೋದು ಬೇಡ ಅಂತ ನನಗನ್ನಿಸ್ತು. ಅದಕ್ಕೇ ಕತ್ತರಿಸಿದೆ. ಪುಟ ಸಿಗಲಿಲ್ಲ ಅಂದುಬಿಡಿ ಸಾರ್.”

“ಪುಸ್ತಕವೇ ಮುಚ್ಚಿಬಿಡ್ತಾರಂತೆ.”

“ಮುಚ್ಚಲಿ. ಬರೆಯೋಕೆ ಹೊಸ ಪುಸ್ತಕ ಕಟ್ಟಬಹುದು.”

ಮೂವತ್ತು ವರ್ಷದ ನೌಕರಿಯಲ್ಲಿ ಇನ್ಸ್‌ಪೆಕ್ಟರು ಒಂದೇ ಒಂದು ಸುಳ್ಳು ವರದಿ ಬರೆದವರಲ್ಲ. ಆದರೆ ಈ ಮನುಷ್ಯ ಮೊದಲ ಸಲ ಏನನ್ನೋ ಕೇಳುತ್ತಿದ್ದ, ಅದೂ ತನಗಾಗಿ ಅಲ್ಲ. ಹಾಳೆಯನ್ನು ಮಡಚಿ ಅಂಗಿಯೊಳಗೆ ಸೇರಿಸುವಷ್ಟರಲ್ಲಿ ಬಾಗಿಲು ತೆರೆಯಿತು.

ದೊಡ್ಡ ಮೇಡಂ. ಬಿಳಿ ಕೂದಲು, ಹತ್ತಿ ಸೀರೆ, ಕೊರಳಲ್ಲಿ ಎಲ್ಲರ ಹಾಗೆ ಹೆಸರಿನ ಬಿಲ್ಲೆ. ಅವರ ಕಣ್ಣು ತೆರೆದ ಪುಸ್ತಕದ ಮೇಲೆ ಹೋಯಿತು, ಇನ್ಸ್‌ಪೆಕ್ಟರ ಒದ್ದೆ ಕೆನ್ನೆಯ ಮೇಲೆ ಬಂದು ನಿಂತಿತು.

“ಸಿಕ್ತಾ ಇನ್ಸ್‌ಪೆಕ್ಟರೇ?”

“ಇಲ್ಲ ಮೇಡಂ. ಹುಡುಕಿದೆ, ಎಲ್ಲೂ…”

“ನಿಮಗೆ ಸುಳ್ಳು ಒಗ್ಗಲ್ಲ, ಪ್ರಯತ್ನ ಪಡಬೇಡಿ.” ಮೇಡಂ ಒಳಗೆ ಬಂದು ಬಾಗಿಲು ಹಾಕಿದರು. “ಎರಡೂ ತುದಿ ಮಡಚೋನು ನನ್ನ ಶಿಷ್ಯರಲ್ಲಿ ಇವನೊಬ್ಬನೇ. ಕದ್ದದ್ದು ಯಾರು ಅಂತ ನನಗೆ ಬೆಳಿಗ್ಗೆಯೇ ಗೊತ್ತಿತ್ತು.”

“ಮತ್ತೆ ನನ್ನನ್ನ ಯಾಕೆ ಹುಡುಕೋಕೆ ಹಚ್ಚಿದ್ರಿ?”

“ನೀವು ಹದಿನೆಂಟು ವರ್ಷ ತಪ್ಪು ವಿಳಾಸಕ್ಕೆ ಧನ್ಯವಾದ ಹೇಳ್ತಿದ್ರಿ. ಒಂದು ಸಲ ಸರಿಯಾದ ಬಾಗಿಲಿಗೆ ಬರಲಿ ಅಂತ.” ಮೇಡಂ ಬೊಂಬೆಯ ಹೊದಿಕೆ ಸರಿ ಮಾಡಿದರು.

“ಮೇಡಂ, ಬೇಡ,” ಎಂದರು ಪಿಸುಮಾತಿನ ಡಾಕ್ಟರು. “ಲೇಬಲ್ ತಪ್ಪೋದು ಯಾರಿಗಾದ್ರೂ ಆಗುತ್ತೆ.”

“ಲೇಬಲ್ ತಪ್ಪೋದು ಯಾರಿಗಾದ್ರೂ ಆಗುತ್ತೆ ಕಣೋ. ನಾನು ಓದಬೇಕು ಅಂತಿರೋದು ಅದನ್ನಲ್ಲ.” ಮೇಡಂ ಇನ್ಸ್‌ಪೆಕ್ಟರ ಮುಂದೆ ಕೈ ಚಾಚಿದರು. “ಆ ಪುಟದಲ್ಲಿ ಇವನು ಗೊತ್ತಿಲ್ಲದೆ ಬರೆದ ಇನ್ನೊಂದು ಸುಳ್ಳಿದೆ. ಅದನ್ನ ತಿದ್ದೋಕೆ ಕೂತೆ, ಕೈ ಬರಲಿಲ್ಲ. ಕೊಡಿ ಇಲ್ಲಿ.”

“ಯಾವ ಸುಳ್ಳು ಮೇಡಂ?”

ಹೊರಗೆ ಸಭಾಂಗಣದಲ್ಲಿ ‘ಗಡಿಯಾರ’ ಡಾಕ್ಟರು ಮೈಕು ತಟ್ಟಿ ನೋಡುತ್ತಿದ್ದರು. ಮೇಡಂ ಇನ್ಸ್‌ಪೆಕ್ಟರ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು.

“ಅವತ್ತು ನನ್ನನ್ನ ಇನ್ನೊಂದು ಥಿಯೇಟರಿಗೆ ಯಾರೂ ಕರೆದಿರಲಿಲ್ಲ. ನಾನಾಗಿಯೇ ಕೋಣೆ ಬಿಟ್ಟು ಹೋಗಿದ್ದೆ.”